ಜಾಹೀರಾತಿನ ಕಡಸು

ಮಾನ್ಯ ಸೆನೆಟರ್ ಕ್ರೆಬ್ಸ್ ಅವರಿಗೆ,

ನಮ್ಮ ಕೊಟ್ಟಿಗೆಯಲ್ಲಿ ನೀವು ಹಾಲು ಕರೆಯುವ ಜಾಹೀರಾತನ್ನು ಈ ಮಧ್ಯಾವಧಿ ಚುನಾವಣೆಯಲ್ಲಿ ಇಡೀ ವಿಸ್ಕಾನ್ಸಿನ್ ನೋಡಿತು. ಅದು ಇನ್ನೂ ಕರುವನ್ನೇ ಹಾಕದ ಕಡಸಾಗಿತ್ತು. “ಇದ್ರಲ್ಲಿ ಹಾಲು ಬರಲ್ಲ ಸಾರ್” ಎಂದು ನಾನು ಹೇಳಿದರೆ, “ಹಾಲ್ಯಾಕಮ್ಮ, ಫೋಟೋ ಬಂದ್ರೆ ಸಾಕು” ಅಂದಿರಿ.

ಆ ಕಡಸು ಮೊನ್ನೆ ಕರು ಹಾಕಿತು. ಕರು ಅಡ್ಡ ತಿರುಗಿತ್ತು. ಪಶುವೈದ್ಯರು ಇಪ್ಪತ್ತು ನಿಮಿಷದಲ್ಲಿ ಬಂದು ಎರಡನ್ನೂ ಉಳಿಸಿದರು. ಮಾರ್ಚ್‌ನಲ್ಲಿ ನನ್ನ ಮಗಳು ಬ್ರಿಟಾಗೆ ಹೆರಿಗೆ ನೋವು ಬಂದಾಗ, ಸೆನೆಟ್‌ನಲ್ಲಿ ನೀವು ಹಾಕಿದ ಮತದಿಂದ ಮುಚ್ಚಿದ ಹೆರಿಗೆ ವಾರ್ಡಿನ ಮುಂದೆಯೇ ಹಾದು, ಬೇರೆ ಆಸ್ಪತ್ರೆಗೆಂದು ಅರವತ್ತು ಮೈಲಿ ಕಾರು ಓಡಿಸಿದೆವು. ಮಗು ದಾರಿಯಲ್ಲೇ ತೀರಿಕೊಂಡಿತು.

ಮಂಗಳವಾರದ ಮತದಾನಕ್ಕೆ ಮುಂಚೆ ನಮ್ಮ ಬೇಲಿಯಲ್ಲಿರುವ ನಿಮ್ಮ ಫಲಕವನ್ನು ಕಿತ್ತುಕೊಂಡು ಹೋಗಿ. ಕೊಟ್ಟಿಗೆಯ ಕಡೆ ಮಾತ್ರ ಬರಬೇಡಿ. ಈಗ ಆ ಕಡಸಿಗೆ ಕರುವಿದೆ, ಒದೆಯುತ್ತದೆ.

ಓರ್ಲಾ ಟ್ವೆಟನ್