ಮಾಳಿಗೆಗೆ ಹಾಕಿದ ನಿಂಬೆ ಗಿಡ

ಹೊಸಪೇಟೆ
6 ಮೇ 2025

ಉಚ್ಚೆಂಗಮ್ಮನಿಗೆ,

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಗಂಡನ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀಯ. ಫೋನ್ ಮಾಡಿದರೆ ನಿನ್ನ ತಂಗಿಯ ಮಗಳು ಸ್ಫೂರ್ತಿ ಎತ್ತಿ, "ದೊಡ್ಡವ್ವ ಮಾತಾಡಂಗಿಲ್ಲಂತ ದೊಡ್ಡಪ್ಪ. ಏನಿದ್ರೂ ಬರದು ಕಳಸ್ರಿ ಅಂತಾಳ" ಎನ್ನುತ್ತಾಳೆ. ಸಿಟ್ಟಿಗೆ ಎರಡು ಹಾಳೆ ಹರಿದೆ. ತಡವಾದದ್ದು ಅದಕ್ಕೇ.

ನೀನು ಸಂಡೂರಿಗೆ ಹೋಗಿ ಹನ್ನೆರಡು ದಿನ. ನಿನ್ನ ನಿಂಬೆ ಗಿಡ ಸತ್ತಿಲ್ಲ. ಬದುಕಿತು ಎಂದೂ ಹೇಳಲಾರೆ. ಒಂಬತ್ತು ಎಲೆ ಉಳಿದಿವೆ. ಕೂತಲ್ಲಿ ಕೂರಲಾಗದೆ ಎದ್ದೆದ್ದು ಹೋಗಿ ಎಣಿಸುತ್ತೇನೆ.

ಆವತ್ತು ಕೂಲರ್ ಗಾಳಿಗೆ ಅಡ್ಡ ಎಂದು ಮಟಮಟ ಮಧ್ಯಾಹ್ನ ಕುಂಡವನ್ನು ಮಾಳಿಗೆಯ ಬಿಸಿಲಿಗೆ ಹೊತ್ತು ಹಾಕಿದೆ. "ಕೆಳಗ ತರ್ರಿ, ಸುಟ್ಟು ಹೋಗ್ತತಿ" ಎಂದು ನೀನು ಅಂದೆ. "ಸತ್ರ ಸಾಯಲಿ ಬಿಡು" ಎಂದು ನಾನಂದೆ. ನೀನು ಬಸ್ ಹತ್ತಿದೆ. ಅಲ್ಲಿಯವರೆಗೆ ನಿನಗೆ ಗೊತ್ತು. ಸಂಜೆ ನೋಡಿದರೆ ಎಲೆಯೆಲ್ಲ ಮುದುಡಿತ್ತು. ಗಾಬರಿಯಾಗಿ ಫ್ರಿಜ್‌ನಲ್ಲಿದ್ದ ಎರಡು ಬಾಟಲಿ ನೀರನ್ನು ಬುಡಕ್ಕೆ ಸುರಿದು, ತಂದು ಕೂಲರ್ ಮುಂದೆಯೇ ಇಟ್ಟೆ. ಬೆಳಗಾಗುವುದರೊಳಗೆ ನೆಲದ ತುಂಬ ಎಲೆ.

ಕಮಲಾಪುರ ರಸ್ತೆಯಲ್ಲಿ ನರ್ಸರಿ ಇಟ್ಟಿರುವ ಹಾಲೇಶನನ್ನು ಕರೆತಂದೆ. ಕೇಳಿ ನಕ್ಕ. "ಯಜಮಾನ್ರ, ಕಾದ ಬೇರಿಗೆ ಫ್ರಿಜ್ ನೀರು ಹಾಕ್ತಾರೇನ್ರಿ? ನಿಮ್ಮ ತಲಿ ಮ್ಯಾಲೆ ಸುರಕೋಬೇಕಿತ್ತು." ಬೈಗುಳ ಬಾಯಿಗೆ ಬಂತು, ನುಂಗಿದೆ. ಅವನು ಕಾಂಡವನ್ನು ಉಗುರಿನಿಂದ ಗೀರಿ, ಒಳಗೆ ಇನ್ನೂ ಹಸಿರಿದೆ ಎಂದ.

ಅವನು ಹೇಳಿದಂತೆಯೇ ಮಾಡುತ್ತಿದ್ದೇನೆ. ಕುಂಡ ಈಗ ಮೂಡಲ ಕಿಟಕಿಯ ಹತ್ತಿರ, ಕಾದ ಗಾಜಿಗೆ ಎಲೆ ತಾಗದಂತೆ ಇದೆ. ಸುತ್ತ ಒದ್ದೆ ಗೋಣಿಚೀಲ. ಬೆಳಿಗ್ಗೆ ಮಣ್ಣಿಗೆ ಬೆರಳಿಟ್ಟು, ಒಣಗಿದ್ದರಷ್ಟೇ ಬಿಂದಿಗೆಯ ನೀರು ಹಾಕುತ್ತೇನೆ. ಕೂಲರ್‌ನ ಮುಖವನ್ನು ಗೋಡೆಗೆ ತಿರುಗಿಸಿದ್ದೇನೆ. ನನಗೆ ಬೆವರು ಇಳಿಯುತ್ತದೆ, ಇಳಿಯಲಿ.

ನಿನ್ನ ತಂಗಿಗೂ ಸ್ಫೂರ್ತಿಗೂ ಒಳ್ಳೆಯದಾಗಲಿ. ಗುಡ್ಡದ ಗಾಳಿ ತಂಪೆಂದು ಅಲ್ಲೇ ಕುಂತುಬಿಡಬೇಡ.

ಎರ್ರಿಯಪ್ಪ

ತಾ.ಕ.: ಗಾಳಿಗೆ ಅಡ್ಡ ಎಂದದ್ದು ಸುಳ್ಳು. ದಿನಾ ಬೆಳಿಗ್ಗೆ ಎದ್ದವಳೇ ನೀನು ಅದರ ಎಲೆ ಸವರಿ, "ಸೆಕಿ ಆತೇನವ್ವ, ನಿದ್ದಿ ಬಂತೇನು?" ಎಂದು ಕೇಳುತ್ತಿದ್ದೆ. ನಾನು ಪಕ್ಕದ ಮಂಚದ ಮೇಲೆಯೇ ಇರುತ್ತಿದ್ದೆ. ಲಾರಿ ಓಡಿಸುವುದು ಬಿಟ್ಟು ಮನೆಯಲ್ಲಿ ಕೂತು ಮೂರು ವರ್ಷವಾಯಿತು, ನನ್ನನ್ನು ಒಂದು ದಿನವೂ ಹಾಗೆ ಕೇಳಲಿಲ್ಲ. ಸುಡಲಿ ಎಂದೇ ಮಾಳಿಗೆಯಲ್ಲಿ ಇಟ್ಟೆ. ಬರುತ್ತೀಯೋ ಇಲ್ಲವೋ, ಹದಿನೈದನೇ ತಾರೀಖಿನೊಳಗೆ ಬರೆದು ತಿಳಿಸು.