ಅಕ್ಕಾ, ಆ ಮಾತ್ರೆ ಈಗ ನನಗೂ ಬಂದಿದೆ

ಅಕ್ಕಾ,

ಹಾರನಹಳ್ಳಿಯ ನಿಮ್ಮ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಾ ನೀನು ಮೆಲ್ಲಗೆ ಹೇಳಿದ್ದು ನೆನಪಿದೆಯಾ? "ಎರಡು ದಿನದಿಂದ ಕಕ್ಕಸಿಗೆ ಹೋದ್ರೆ ಕಪ್ಪಗೆ ಆಯ್ತೈತೆ ಕಣೇ, ಟಾರ್ ಇದ್ದಂಗೆ. ನಿಮ್ಮ ಭಾವಂಗೆ ಹೇಳ್ಬೇಡ, ಸುಮ್ನೆ ಗಾಬರಿ ಬೀಳ್ತಾರೆ." ಏನೋ ತಿಂದದ್ದು ಹಿಡಿಸಿಲ್ಲ ಬಿಡು ಅಂದೆ ನಾನು. ನಿನ್ನ ಮುಖ ಬಿಳಿಚಿಕೊಂಡಿತ್ತು. ನೋಡಿಯೂ ಅರಸೀಕೆರೆ ಬಸ್ಸು ಹತ್ತಿದೆ. ಮೂರನೇ ದಿನ ನೀನು ಹೋದೆ. ಮೊದಲೇ ಹೃದಯದ ಕಾಯಿಲೆಯವಳು, ಹೃದಯ ನಿಂತಿತು ಅಂದರು ಎಲ್ಲರೂ. ನಾನು ಬಾಯಿ ಬಿಡಲಿಲ್ಲ.

ಹೋದ ತಿಂಗಳು ಮೆಟ್ಟಿಲು ಹತ್ತುವಾಗ ನನ್ನ ಎದೆ ಲಯ ತಪ್ಪಿ ಬಡಿಯತೊಡಗಿತು. ಸೊಸೆ ಶೈಲಾ ಹಾಸನಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ಬರೆದದ್ದು ರಕ್ತ ತೆಳು ಮಾಡುವ ಮಾತ್ರೆ, ನೀನು ತೆಗೆದುಕೊಳ್ಳುತ್ತಿದ್ದದ್ದೇ. ಅಂಗಡಿಯಲ್ಲಿ ಅದನ್ನು ಹಿಡಿದಾಗ ನೀನು ಹಿತ್ತಿಲಲ್ಲಿ ಹೇಳಿದ್ದೇ ನೆನಪಾಯಿತು. ಹತ್ತು ದಿನ ಒಂದನ್ನೂ ನುಂಗಲಿಲ್ಲ. ಶೈಲಾ ನೀರು ಕೊಟ್ಟು ಆಚೆ ತಿರುಗಿದೊಡನೆ ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಿದ್ದೆ. ಅರವತ್ತೆಂಟು ವರ್ಷದವಳು ಮಾಡುವ ಕೆಲಸವೇ ಇದು?

ಮುಂದಿನ ರಕ್ತ ಪರೀಕ್ಷೆಯಲ್ಲಿ ಸಿಕ್ಕಿಬಿದ್ದೆ. "ಅಮ್ಮಾ, ಮಾತ್ರೆ ತಗೊಂಡೇ ಇಲ್ಲ ಅಲ್ವಾ?" ಅಂದರು ಡಾಕ್ಟರು. ಬೈಯಲಿಲ್ಲ. ಅದಕ್ಕೇ ಇರಬೇಕು, ನಿನ್ನ ಗುಟ್ಟೆಲ್ಲ ಅವರೆದುರು ಹೊರಬಿತ್ತು.

"ನಿಮ್ಮಕ್ಕ ನೋವಿಗೇನಾದ್ರೂ ಮಾತ್ರೆ ತಗೋತಿದ್ರಾ?"

"ಮಂಡಿನೋವಿಗೆ ದಿನಾ ಎರಡು."

ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡರು. "ಅವರನ್ನ ನಾನು ನೋಡಿಲ್ಲ, ಇದೇ ಅಂತ ಹೇಳಕ್ಕಾಗಲ್ಲ. ಆದ್ರೆ ಎರಡೂ ಸೇರಿದ್ರೆ ಹೊಟ್ಟೆಯೊಳಗೆ ರಕ್ತ ಸೋರಬಹುದು, ಆಗ ಹಾಗೆ ಕಪ್ಪಗಾಗುತ್ತೆ. ಹಾಗಂತ ನೀವು ಇದನ್ನ ಬಿಟ್ರೆ ಲಕ್ವ ಹೊಡೆಯೋ ಭಯ ಇದೆ."

ಎರಡೂ ಕಡೆ ಭಯವೇ ಆದರೆ ನಾನು ಯಾವ ಕಡೆ ನಿಲ್ಲಲಿ, ಅಕ್ಕಾ?

ಮಾರನೆಯ ದಿನವೇ ನಿಮ್ಮ ಮನೆಗೆ ಹೋದೆ. ಭಾವ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ನೀನು ಹೇಳಿದ್ದನ್ನೂ ನಾನು ಮುಚ್ಚಿಟ್ಟಿದ್ದನ್ನೂ ಹೇಳಿದೆ. ಬೈದರೆ ಬೈಯಲಿ ಎಂದುಕೊಂಡಿದ್ದೆ. ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. "ಆ ಮಂಡಿ ಮಾತ್ರೆ ತಂದ್ಕೊಟ್ಟೋನು ನಾನೇ ಕಣಮ್ಮಾ. ಚೀಟಿ ಇಲ್ದೇನೆ. ಅವ್ಳು ನರಳೋದು ನೋಡಕ್ಕಾಗ್ತಿರ್ಲಿಲ್ಲ." ಆಮೇಲೆ ಉಳಿದ ಕಾಯಿಗಳನ್ನು ಅವರು ಸುಲಿದರು, ನಾನು ನಾರು ಒಟ್ಟುಮಾಡಿದೆ. ನೀನಿದ್ದಿದ್ದರೆ ಏನಾದರೂ ಅಂದು ನಗಿಸುತ್ತಿದ್ದೆ.

ಈಗ ನುಂಗುತ್ತಿದ್ದೇನೆ. ಹೆದರಿಕೆ ಹೋಗಿಲ್ಲ. ಹಲ್ಲುಜ್ಜಿ ಉಗುಳಿದ್ದರಲ್ಲಿ ರಕ್ತವಿದೆಯೇ ಎಂದು ಬಗ್ಗಿ ನೋಡುತ್ತೇನೆ. ಸ್ನಾನದಲ್ಲಿ ಕೈಕಾಲಿನ ಮೇಲೆ ನೀಲಿ ಕಲೆ ಹುಡುಕುತ್ತೇನೆ. ಸಣ್ಣ ತಲೆನೋವು ಬಂದರೂ ತಲೆಯೊಳಗೆ ರಕ್ತ ಸೋರಿತೇನೋ ಅನ್ನಿಸುತ್ತದೆ. ಕಂಡದ್ದನ್ನೆಲ್ಲ ನಾಚಿಕೆ ಬಿಟ್ಟು ಶೈಲಾಗೆ ಹೇಳುತ್ತೇನೆ, ಅವಳು ಬರೆದಿಟ್ಟುಕೊಳ್ಳುತ್ತಾಳೆ.

ನಾಳೆ ಮತ್ತೆ ಪರೀಕ್ಷೆ. ನೀನು ಹೋದಂದಿನಿಂದ ಆಸ್ಪತ್ರೆಯ ಹೊಸಿಲು ತುಳಿಯದ ಭಾವ ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದರು. "ನಾಳೆ ನಿನ್ ಜೊತೆ ನಾನೂ ಬತ್ತೀನಮ್ಮಾ" ಅಂದರು. ನನಗೆ ಧೈರ್ಯ ಹೇಳುವುದಕ್ಕೆ ಎಂದುಕೊಂಡೆ. ಆಮೇಲೆ ದನಿ ತಗ್ಗಿಸಿ, "ನನ್ ಎದೆನೂ ಎರಡು ತಿಂಗಳಿಂದ ಸರಿಯಾಗಿ ಬಡೀತಿಲ್ಲ. ಯಾರಿಗೂ ಹೇಳಿರ್ಲಿಲ್ಲ" ಅಂದರು.

ನನಗೆ ಹೇಳಿದ್ದಾರೆ, ಅಕ್ಕಾ. ಈ ಸಲ ನಾನು ಸುಮ್ಮನೆ ಬಸ್ಸು ಹತ್ತುವುದಿಲ್ಲ.

ನಿನ್ನ ತಂಗಿ