ಗಾಜು ಒರೆಸುವವರು

ಬೆಳ್ಳಾರೆ
೨ ಆಗಸ್ಟ್ ೨೦೨೫, ಶನಿವಾರ

ಪ್ರೀತಿಯ ನಿಮಗೆ,

ಹೇಗಿದ್ದೀರಿ? ಕೇಳುವುದು ಸರಿಯೋ ತಪ್ಪೋ ಗೊತ್ತಿಲ್ಲ, ಆದರೆ ಕೇಳದೆ ಕಾಗದ ಶುರು ಮಾಡಲು ನನಗೆ ಬರುವುದಿಲ್ಲ. ಇಲ್ಲಿ ನಾವು ಸೌಖ್ಯ. ಅತ್ತೆಯ ಮಂಡಿನೋವು ಆಟಿ ತಿಂಗಳ ಥಂಡಿಗೆ ಸ್ವಲ್ಪ ಜಾಸ್ತಿಯಾಗಿದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ನಿಮ್ಮ ಫೋನಿಗೆ ಕಳುಹಿಸಿದ್ದೆಲ್ಲ ಏಪ್ರಿಲಿನಿಂದ ಒಂದೇ ಟಿಕ್ಕಿನಲ್ಲಿ ನಿಂತಿದೆ. ಅದಕ್ಕೇ ಇವತ್ತು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕಾಗದ ಬರೆಯಲು ಕೂತೆ.

ಅಂಗಡಿ ಹೇಗೋ ನಡೆಯುತ್ತಿದೆ. ಗುತ್ತಿಗಾರಿನ ಕಡೆ ಕಾಡಿನಂಚಿನ ತೋಟಗಳಿಗೆ ನೀವು ಹಾಕಿಕೊಟ್ಟ ಆನೆ ನೋಡುವ ಕ್ಯಾಮೆರಾಗಳನ್ನು ಈಗ ಲತೀಶ್ ನೋಡಿಕೊಳ್ಳುತ್ತಾನೆ. ನಿಮ್ಮ ಕೈಯಲ್ಲಿ ಕೆಲಸ ಕಲಿತವನಲ್ಲವೇ, ಏಣಿ ಹತ್ತುವಾಗ ನಿಮ್ಮ ಹಾಗೆಯೇ ಶಿಳ್ಳೆ ಹಾಕುತ್ತಿದ್ದ. ನಾನು ಬೈದ ಮೇಲೆ ನಿಲ್ಲಿಸಿದ್ದಾನೆ, ಪಾಪ. ಅಷ್ಟು ದೂರದ ದ್ವೀಪದಲ್ಲಿ ಜ್ವಾಲಾಮುಖಿ ನೋಡುವ ಕ್ಯಾಮೆರಾಗಳ ಕೆಲಸಕ್ಕೆ ಕರೆ ಬಂದಾಗ, ‘ಎರಡೂ ಒಂದೇ ಮಾರಾಯ್ತಿ, ದೂರ ಕೂತು ಕಾಯುದು’ ಎಂದು ನಗುತ್ತ ಹೊರಟವರು ನೀವು. ಆನೆ ಬಂದರೆ ಪಟಾಕಿ ಹೊಡೆದು ಓಡಿಸಬಹುದು. ಈ ಉತ್ತರ ನನಗೆ ಹೊಳೆದದ್ದು ನೀವು ಹೋದ ಮೇಲೆ.

ಆ ಗುಡ್ಡದ ಚಿತ್ರವನ್ನು ಯಾರು ಬೇಕಾದರೂ ನೋಡಬಹುದೆಂದು ನೀವು ಲಿಂಕ್ ಕಳುಹಿಸಿದ ದಿನದಿಂದ ನಮ್ಮ ಟೀವಿಯಲ್ಲಿ ಬೆಳಿಗ್ಗೆ ಬೇರೇನೂ ಹಾಕಿದ್ದಿಲ್ಲ. ನಾವು ಕಾಫಿ ಕುಡಿಯುವ ಹೊತ್ತಿಗೆ ಅಲ್ಲಿ ನಿಮ್ಮ ಕೆಲಸದ ಹೊತ್ತು. ರಾತ್ರಿ ಬಿದ್ದ ಬೂದಿಗೆ ಕ್ಯಾಮೆರಾದ ಗಾಜು ಮಸುಕಾಗಿರುತ್ತಿತ್ತು. ಆಮೇಲೆ ಒಂದು ಬಟ್ಟೆ, ಬಟ್ಟೆಯ ಹಿಂದೆ ನಿಮ್ಮ ಕೈ. ಟೀವಿ ತುಂಬ ಕೈ. ಅತ್ತೆ ‘ಬಂದ’ ಎಂದು ಲೋಟ ಕೆಳಗಿಡುತ್ತಿದ್ದರು. ಮುಖ ಒಂದು ದಿನವೂ ಕಾಣಲಿಲ್ಲ, ಬಗ್ಗಿ ಮುಖ ತೋರಿಸಿದರೆ ಆಫೀಸಿನವರು ಬೈಯುತ್ತಾರೆ ಎಂದಿದ್ದಿರಿ. ನೀವು ಒರೆಸಿದ ಮೇಲೂ ಕೆಳಗಿನ ಎಡ ಮೂಲೆಯಲ್ಲಿ ಒಂದಿಷ್ಟು ಬೂದಿ ಉಳಿಯುತ್ತಿತ್ತು. ಮನೆಯ ಕಿಟಕಿ ಒರೆಸಿದರೂ ಅಷ್ಟೇ, ಮೂಲೆಗೆ ಬೆರಳು ತಿರುಗಿಸುವ ವ್ಯವಧಾನ ನಿಮಗಿಲ್ಲ. ‘ಆ ಮೂಲೆ ಒಂದು ಒರೆಸು ಮಾರಾಯ’ ಎಂದು ಅತ್ತೆ ಟೀವಿಗೇ ಬೈಯುತ್ತಿದ್ದರು.

ಹೊಗೆ ಬೆಳ್ಳಗಿದ್ದರೆ ಹೆದರಬೇಡ, ಬರೀ ಆವಿ. ಕಪ್ಪಾಗಿ ಉಬ್ಬಿ ಬಂದರೆ ನನಗೆ ಫೋನು ಮಾಡು ಎಂದು ನೀವೇ ಕಲಿಸಿದ್ದು. ಏಪ್ರಿಲಿನ ಆ ದಿನ ಹೊಗೆ ಬೆಳ್ಳಗೇ ಇತ್ತು. ನೀವು ಗಾಜು ಒರೆಸಿದಿರಿ, ಕೈ ಹೋಯಿತು, ನಾನು ದೋಸೆ ಹೊಯ್ಯಲು ಎದ್ದೆ. ತಿರುಗಿ ಬಂದಾಗ ಚಿತ್ರ ಅಲುಗುತ್ತಿತ್ತು, ಆಮೇಲೆ ಪೂರ್ತಿ ಬೂದು. ನೀವು ಇಳಿಯುವ ದಾರಿಯ ಮೇಲೆಯೇ ಬಿಸಿ ಬೂದಿ ಹರಿಯಿತೆಂದು ಆಫೀಸಿನವರು ಸಂಜೆ ತಿಳಿಸಿದರು. ಕ್ಯಾಮೆರಾ ಇದ್ದ ದಿಣ್ಣೆಗೆ ಏನೂ ಆಗಿರಲಿಲ್ಲ. ಇನ್ನೊಂದು ಗಳಿಗೆ ಅಲ್ಲೇ ನಿಂತು ಆ ಮೂಲೆ ಒರೆಸಿದ್ದರೆ ಎಂದು ಯೋಚಿಸಿ ಯೋಚಿಸಿ ನಿಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲವಂತೆ. ಅವರ ಕಾಗದಗಳಲ್ಲಿ ನೀವು ಇವತ್ತಿಗೂ ಕಾಣೆಯಾದವರು.

ಕೆಲವು ದಿನ ಟೀವಿಯಲ್ಲಿ ಬೂದಿ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹಾಕಿದರೆ ಗುಡ್ಡ ಸ್ಪಷ್ಟ ಕಾಣುತ್ತಿದೆ. ಕೈ ಇಲ್ಲ, ನಾವು ನೋಡುವ ಮೊದಲೇ ಒರೆಸಿ ಆಗಿತ್ತು. ಮರುದಿನವೂ ಹಾಗೆಯೇ, ಅಂದಿನಿಂದ ದಿನವೂ ಹಾಗೆಯೇ. ಕೆಳಗಿನ ಎಡ ಮೂಲೆಯಲ್ಲಿ ಒಂದಿಷ್ಟು ಬೂದಿ. ಅತ್ತೆ ಅದನ್ನು ನೋಡಿದರು, ನಾನು ನೋಡಿದ್ದನ್ನೂ ನೋಡಿದರು, ಲೋಟ ಕೆಳಗಿಟ್ಟರು. ನಾನು ಮನಸ್ಸಿನಲ್ಲೇ ಒಂದಕ್ಕೊಂದು ಜೋಡಿಸಿಕೊಂಡೆ. ಬೇರೆ ಯಾರೋ ಮೇಲೆ ಹೋಗಿ ಒರೆಸುತ್ತಿದ್ದಾರೆ. ಅಂದರೆ ಹತ್ತಲು ಇನ್ನೊಂದು ದಾರಿ ಇದೆ. ಆ ದಾರಿಯಲ್ಲಿ ನೀವೂ ಅಂದು ಇಳಿದಿರಬಹುದು, ಯಾವುದೋ ಹಳ್ಳಿಯಲ್ಲಿ ಭಾಷೆ ಬಾರದೆ, ಜ್ವರದಲ್ಲಿ ಊರು ಹೆಸರು ಮರೆತು ಮಲಗಿರಬಹುದು. ಇಷ್ಟು ತಿಂಗಳು ನಾನು ಉಸಿರಾಡುತ್ತಿರುವುದು ಆ ಒಂದು ಗಾಜಿನ ಬಲದಲ್ಲಿ.

ಅತ್ತೆಯ ಚಿಂತೆ ಬೇರೆ. ಆಟಿ ಮುಗಿಯುವ ಮೊದಲು ನಿಮ್ಮನ್ನು ಹಿರಿಯರ ಜತೆ ಸೇರಿಸಿ ಎಲೆ ಬಡಿಸಬೇಕು ಎನ್ನುತ್ತಾರೆ. ಮೇದಪ್ಪ ದೊಡ್ಡಪ್ಪನೂ ಮರ್ಕಂಜದಿಂದ ಬಂದು ಅದನ್ನೇ ಹೇಳಿ ಹೋದರು. ಬದುಕಿರುವವರಿಗೆ ಸತ್ತವರ ಎಲೆ ಹಾಕುವುದೇ ಎಂದು ನಾನು ಕೂಗಾಡಿದೆ. ಅತ್ತೆ ಕೂಗಾಡಲಿಲ್ಲ. ‘ನೀನು ಕಾಯುದಾದರೆ ಕಾಯಿ, ಬೇಡ ಹೇಳುದಿಲ್ಲ. ಆದರೆ ಉಲ್ಲಾಸ ಹೋದದ್ದು ಹೌದಾದರೆ ಅವನಿಗೆ ಈಗ ಹೋಗ್ಲಿಕ್ಕೆ ಜಾಗ ಇಲ್ಲ. ಜಾಗ ಇಲ್ಲದವ ಎಂತ ಮಾಡುದು? ಮಾಡುತ್ತಿದ್ದ ಕೆಲಸವನ್ನೇ ಮಾಡಿಕೊಂಡು ಇರುದು. ಅವನ ಹಸಿವಿಗೆ ಅಲ್ಲಿ ಎಂತ ಉಂಟು?’ ಎಂದರು. ಆ ಮಾತು ಕೇಳಿದ ಮೇಲೆ ಬೆಳಿಗ್ಗೆ ಟೀವಿ ಹಾಕಲು ಹೆದರಿಕೆಯಾಗುತ್ತದೆ. ಹಾಕದೆ ಇರಲೂ ಆಗುವುದಿಲ್ಲ. ಕಳೆದ ವಾರ ಲತೀಶನನ್ನು ಕೂರಿಸಿಕೊಂಡು ಅಲ್ಲಿನ ಆಫೀಸಿಗೆ ಮೇಲ್ ಬರೆಸಿದೆ. ದಿನಾ ಗಾಜು ಒರೆಸುವವರು ಯಾರು, ಯಾವ ದಾರಿಯಲ್ಲಿ ಹತ್ತುತ್ತಾರೆ, ಅವರ ಹತ್ತಿರ ಒಮ್ಮೆ ಮಾತಾಡಬಹುದೇ ಎಂದು ಕೇಳಿದ್ದೆ.

ಮತ್ತೆ ವಿಶೇಷ ಏನಿಲ್ಲ. ಮಳೆ ಬಿಡುತ್ತಿಲ್ಲ. ಅತ್ತೆ ಪತ್ರೊಡೆಗೆಂದು ಕೆಸುವಿನ ಎಲೆ ಕೊಯ್ದು ತಂದಿದ್ದಾರೆ, ನಾನು ಹೋಗಿ ಅಕ್ಕಿ ಕಡೆಯಬೇಕು. ಅವರ ಆಶೀರ್ವಾದ ನಿಮ್ಮ ಮೇಲೆ ಇದ್ದೇ ಇದೆ. ಅಲ್ಲಿ ನಿಮ್ಮ ಜತೆ ಯಾರಾದರೂ ಇದ್ದರೆ ಅವರಿಗೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮವಳು,
ಪೂಜಿತಾ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆಫೀಸಿನ ಉತ್ತರ ನಿನ್ನೆ ಬಂತು. ಆ ದಿನದ ನಂತರ ಮೇಲೆ ಯಾರೂ ಹೋಗಿಲ್ಲವಂತೆ. ಹೋಗಲು ದಾರಿಯೇ ಉಳಿದಿಲ್ಲವಂತೆ. ಗಾಜು ಹೇಗೆ ಚೊಕ್ಕವಾಗುತ್ತದೆಂದು ಅವರಿಗೂ ಸರಿಯಾಗಿ ಗೊತ್ತಿಲ್ಲ, ಮಳೆ ಇರಬಹುದು ಎನ್ನುತ್ತಾರೆ. ಅತ್ತೆಗೆ ಇದನ್ನು ಹೇಳಲಿಲ್ಲ. ನಾಳೆ ಎಲೆ ಬಡಿಸೋಣ ಎಂದಷ್ಟೇ ಹೇಳಿದೆ. ಬಡಿಸಿ, ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯಬೇಕಲ್ಲ, ದೊಡ್ಡಪ್ಪ ಕರೆಯಲಿ ಎಂದರು ಅತ್ತೆ. ಬೇಡ, ನಾನೇ ಕರೆಯುತ್ತೇನೆ ಎಂದಿದ್ದೇನೆ. ಇಷ್ಟು ವರ್ಷದಲ್ಲಿ ನಿಮ್ಮ ಹೆಸರು ನನ್ನ ಬಾಯಲ್ಲಿ ಬಂದದ್ದಿಲ್ಲ. ಯಾರೋ ಹೊಸಬರು ಕೂಗುತ್ತಿದ್ದಾರೆ ಎಂದು ಸುಮ್ಮನೆ ನಿಲ್ಲಬೇಡಿ. ಅದು ನಾನೇ. ಬಟ್ಟೆ ಅಲ್ಲೇ ಬಿಟ್ಟು ಬನ್ನಿ.